ಮಗ ಕೊಟ್ಟ ಮಾತ್ರೆ

ಬೆನ್ನು ಹಿಡ್ಕೊಳ್ಳೋದು ಅಂದ್ರೆ ಏನು ಅಂತ ನನಗೆ ಗೊತ್ತಾಗಿದ್ದು ಮೂವತ್ತೆರಡನೇ ವಯಸ್ಸಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಅನ್ನೋ ಊರಲ್ಲಿ, ಶೂ ಲೇಸ್ ಕಟ್ಟೋಕೆ ಅಂತ ಬಗ್ಗಿದಾಗ. ಬಗ್ಗಿದವನು ಹಾಗೇ ಉಳಿದೆ. ಹೊರಗೆ ಹಿಮ, ಕಿಟಕಿಯಾಚೆ ಅರ್ಧ ಹೆಪ್ಪುಗಟ್ಟಿದ ಮಿಸಿಸಿಪ್ಪಿ ನದಿ, ಒಳಗೆ ನೆಲ ನೋಡುತ್ತಾ ನಿಂತ ಮಂಡ್ಯ ಜಿಲ್ಲೆಯ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್. ಭತ್ತದ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಹಾಕೋ ನಮ್ಮವ್ವ ಈ ದೃಶ್ಯ ನೋಡಿದ್ದಿದ್ರೆ ಮೊದಲು ನಕ್ಕು, ಆಮೇಲೆ ಅಳ್ತಿದ್ದಳು.

ಆನ್‌ಸೈಟ್‌ಗೆ ಅಂತ ಹೋಗಿ ಎಂಟು ತಿಂಗಳಾಗಿತ್ತು. ದಿನಕ್ಕೆ ಹನ್ನೊಂದು ಗಂಟೆ ಕುರ್ಚಿ. ಹಗಲು ಅಲ್ಲಿಯವರ ಜೊತೆ ಮೀಟಿಂಗು, ರಾತ್ರಿ ಬೆಂಗಳೂರಿನವರ ಜೊತೆ ಕಾಲ್. ನನ್ನ ಪಕ್ಕದ ಸೀಟಿನ ಅಮೆರಿಕನ್ ಸಹೋದ್ಯೋಗಿ ನಾನು ನಡೆಯೋ ಚಂದ ನೋಡಿ, "ಕೈರೋಪ್ರಾಕ್ಟರ್ ಹತ್ರ ಹೋಗು. ಅದಕ್ಕೆ ಇದಕ್ಕಿಂತ ಸರಿಯಾದ ಊರು ಪ್ರಪಂಚದಲ್ಲೇ ಇಲ್ಲ" ಅಂದ. ತಮಾಷೆ ಮಾಡ್ತಿದಾನೆ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಆ ವೈದ್ಯಪದ್ಧತಿ ಹುಟ್ಟಿದ್ದೇ ಆ ಊರಲ್ಲಿ.

ಕಥೆ ಹೀಗಿದೆ. ಡಿ. ಡಿ. ಪಾಮರ್ ಅಂತ ಒಬ್ಬ ಇದ್ದ. ಮೊದಲು ಕಿರಾಣಿ ಅಂಗಡಿ ನಡೆಸಿ, ಆಮೇಲೆ ಅಂಗೈಯ ಅಯಸ್ಕಾಂತ ಶಕ್ತಿಯಿಂದ ರೋಗ ವಾಸಿಮಾಡ್ತೀನಿ ಅಂತ ಡ್ಯಾವೆನ್‌ಪೋರ್ಟ್‌ನಲ್ಲಿ ಬೋರ್ಡ್ ಹಾಕಿಕೊಂಡಿದ್ದವನು. 1895ರ ಸೆಪ್ಟೆಂಬರ್‌ನಲ್ಲಿ ತನ್ನ ಕಟ್ಟಡದ ಕಸ ಗುಡಿಸೋ ಹಾರ್ವೆ ಲಿಲ್ಲಾರ್ಡ್ ಅನ್ನೋ ಕಿವುಡನ ಬೆನ್ನುಮೂಳೆಯನ್ನ ಒತ್ತಿ ಕೂರಿಸಿದ್ದೇ ತಡ, ಆತನಿಗೆ ಕಿವಿ ಕೇಳಿಸ್ತಂತೆ. ಕಿವಿಯ ನರ ಬೆನ್ನುಮೂಳೆ ಹಾದು ಹೋಗೋದೇ ಇಲ್ಲ, ಸೀದಾ ಮಿದುಳಿಗೆ ಹೋಗುತ್ತೆ. ಆದ್ರೂ ಕಥೆ ಉಳೀತು. ಎರಡು ವರ್ಷಕ್ಕೆ ಶಾಲೆ ಶುರುವಾಯ್ತು, ಈಗ ಅದು ದೊಡ್ಡ ಕಾಲೇಜು. ನೂರಕ್ಕೆ ತೊಂಬತ್ತೈದು ಕಾಯಿಲೆಗಳಿಗೆ ಜಾಗ ತಪ್ಪಿದ ಬೆನ್ನುಮೂಳೆಯೇ ಕಾರಣ ಅಂತ ಪಾಮರ್ ಬರೆದಿಟ್ಟು ಹೋದ. ದೇಹದೊಳಗೆ ಹುಟ್ಟಿನಿಂದಲೇ ಒಂದು ಬುದ್ಧಿ ಇದೆ, ನರಗಳ ದಾರಿ ತೆರವು ಮಾಡಿದ್ರೆ ಸಾಕು, ಉಳಿದಿದ್ದನ್ನ ಅದೇ ನೋಡ್ಕೊಳ್ಳುತ್ತೆ, ಔಷಧಿ ಬೇಕಿಲ್ಲ ಅನ್ನೋದು ಅವನ ಸಿದ್ಧಾಂತ.

ಇದನ್ನೆಲ್ಲ ಓದಿಕೊಂಡೇ ಹೋದೆ. ನೋವು ಇರೋವಾಗ ಮನುಷ್ಯನ ಅನುಮಾನಗಳೆಲ್ಲ ರಜೆ ಮೇಲೆ ಇರ್ತಾವೆ.

ಐವತ್ತು ದಾಟಿದ, ತುಂಬಾ ಸೌಮ್ಯವಾಗಿ ಮಾತಾಡೋ ಮನುಷ್ಯ. ಮೇಜಿನ ಮೇಲೆ ಬೋರಲು ಮಲಗಿಸಿ, ಅಲ್ಲಿಲ್ಲಿ ಒತ್ತಿ, ಒಂದು ಕಡೆ ಹೊರಳಿಸಿ, ಸೊಂಟಕ್ಕೆ ಒಂದು ಕೊಟ್ಟ ನೋಡಿ. ಲಟಕ್! ನಮ್ಮೂರಲ್ಲಿ ಕಟಿಂಗ್ ಮಾಡೋ ಅಣ್ಣ ಕೊನೆಗೆ ಕುತ್ತಿಗೆ ಹಿಡಿದು ಎರಡೂ ಕಡೆ ನೆಟಿಕೆ ತೆಗೀತಾರಲ್ಲ, ಅದೇ ಸದ್ದು, ಅದೇ ಸುಖ. ನಿಜ ಹೇಳ್ತೀನಿ, ಆವತ್ತು ಎದ್ದು ನೆಟ್ಟಗೆ ನಡೆದೆ. ಸೊಂಟನೋವಿಗೆ ಈ ಚಿಕಿತ್ಸೆಯಿಂದ ಸ್ವಲ್ಪ ಅನುಕೂಲ ಆಗುತ್ತೆ ಅನ್ನೋದಕ್ಕೆ ಅಧ್ಯಯನಗಳ ಆಧಾರವೂ ಇದೆ. ವ್ಯಾಯಾಮದಿಂದ, ಫಿಸಿಯೋಥೆರಪಿಯಿಂದ ಆಗೋವಷ್ಟೇ, ಅದಕ್ಕಿಂತ ದೊಡ್ಡ ಪವಾಡ ಏನಿಲ್ಲ. ಆದ್ರೆ ಆ ಹೊತ್ತಿಗೆ ನನಗೆ ಅದು ಪವಾಡವೇ.

ನಾಲ್ಕನೇ ಭೇಟಿಯಲ್ಲಿ ಮಾತು ಊಟದ ಕಡೆ ತಿರುಗಿತು. ಅವರ ಕೋಣೆಯಲ್ಲಿ ಒಂದು ಗೋಡೆ ಪೂರ್ತಿ ಡಬ್ಬಿಗಳು. ವಿಟಮಿನ್ ಡಿ, ಮೆಗ್ನೀಸಿಯಮ್, ಸತು, ಬಿ ಕಾಂಪ್ಲೆಕ್ಸ್, ಮೀನೆಣ್ಣೆ, ಕ್ಯಾಲ್ಸಿಯಂ. "ನಾನು ನಿನ್ನ ನರಗಳ ದಾರಿ ತೆರೆದೆ. ಆದ್ರೆ ಮನೆ ರಿಪೇರಿಗೆ ಇಟ್ಟಿಗೆ ಬೇಕಲ್ಲ? ಈಗಿನ ಮಣ್ಣಿನಲ್ಲಿ ಖನಿಜ ಇಲ್ಲ, ಅದರಲ್ಲಿ ಬೆಳೆದ ತರಕಾರಿಯಲ್ಲಿ ಸತ್ವ ಇಲ್ಲ. ಸ್ನಾಯು ಹಿಡಿಯದೇ ಇರೋಕೆ ಮೆಗ್ನೀಸಿಯಮ್ ಬೇಕು, ಮೂಳೆಗೆ ಡಿ ಬೇಕು. ಇವು ಔಷಧಿ ಅಲ್ಲ, ಆಹಾರ" ಅಂದ್ರು.

ಮಣ್ಣಿನ ಮಾತು ಬಂದ ತಕ್ಷಣ ನಾನು ಬಿದ್ದೆ. ಯಾಕಂದ್ರೆ ನಾನು ರೈತನ ಮಗ. ಭತ್ತದ ಗರಿಯ ಮೇಲೆ ತುಕ್ಕಿನಂಥ ಕಂದು ಚುಕ್ಕೆ ಬಂದು ಪೈರು ಕುಂತುಹೋದಾಗ ಅಪ್ಪ ಜಿಂಕ್ ಸಲ್ಫೇಟ್ ಎರಚಿದ್ದು, ಕೆಲವೇ ದಿನಕ್ಕೆ ಗದ್ದೆ ಹಸಿರಾಗಿದ್ದು ನಾನೇ ಕಣ್ಣಾರೆ ನೋಡಿದ್ದೆ. ಚಿಟಿಕೆಯಷ್ಟು ಸತು ಇಲ್ಲದಿದ್ರೆ ಒಂದು ಎಕರೆ ಗದ್ದೆ ಮುನಿಸಿಕೊಳ್ಳುತ್ತೆ ಅಂದ್ಮೇಲೆ ನನ್ನ ದೇಹ ಮುನಿಸಿಕೊಳ್ಳಲ್ವಾ? ನೂರಾ ನಲವತ್ತು ಡಾಲರ್ ಕೊಟ್ಟು ನಾಲ್ಕು ಡಬ್ಬಿ ತಗೊಂಡು ಬಂದೆ.

ರೂಮಿಗೆ ಬಂದು ಡಬ್ಬಿಯ ಹಿಂಭಾಗ ಓದಿದಾಗ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು. ಈ ಹೇಳಿಕೆಗಳನ್ನ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಪರಿಶೀಲಿಸಿಲ್ಲ, ಇದು ಯಾವ ಕಾಯಿಲೆಯನ್ನೂ ಗುಣಪಡಿಸೋಕೆ ಅಲ್ಲ ಅನ್ನೋ ಅರ್ಥದ್ದು. 1994ರಲ್ಲಿ ಅಲ್ಲಿ ಬಂದ ಕಾನೂನಿನ ಪ್ರಕಾರ ಇಂಥ ಪೂರಕಗಳನ್ನ ಮಾರೋಕೆ ಮುಂಚೆ ಅವು ಕೆಲಸ ಮಾಡ್ತಾವೆ ಅಂತ ಸರ್ಕಾರದ ಮುಂದೆ ಸಾಬೀತು ಮಾಡಬೇಕಿಲ್ಲ. ಔಷಧಿಗೆ ಆ ಪರೀಕ್ಷೆ ಇದೆ, 'ಆಹಾರ'ಕ್ಕೆ ಇಲ್ಲ. ಔಷಧಿ ಬರೆಯೋ ಅಧಿಕಾರ ಕೈರೋಪ್ರಾಕ್ಟರ್‌ಗಳಿಗೆ ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಇಲ್ಲ, ಡಬ್ಬಿ ಮಾರೋಕೆ ಅಡ್ಡಿ ಇಲ್ಲ. 'ಇವು ಔಷಧಿ ಅಲ್ಲ' ಅನ್ನೋ ಮಾತಿನ ಹಿಂದೆ ಇಷ್ಟೆಲ್ಲ ಇತ್ತು.

ಇನ್ನೊಂದು ಮಜಾ ಅಂದ್ರೆ, ಈ ವಿಷಯದಲ್ಲಿ ಕೈರೋಪ್ರಾಕ್ಟರ್‌ಗಳಲ್ಲೇ ಮೊದಲಿನಿಂದ ಎರಡು ಪಂಗಡ. ಬೆನ್ನುಮೂಳೆ ಬಿಟ್ಟು ಬೇರೆ ಏನನ್ನೂ ಮುಟ್ಟಬಾರದು ಅನ್ನೋ ಕಟ್ಟುನಿಟ್ಟಿನವರು ಒಂದು ಕಡೆ. ಆಹಾರ, ವ್ಯಾಯಾಮ, ವಿಟಮಿನ್ ಎಲ್ಲ ಸೇರಿಸಿಕೊಳ್ಳೋ 'ಮಿಕ್ಸರ್'ಗಳು ಇನ್ನೊಂದು ಕಡೆ. ಪಾಮರ್‌ನ ಮಗ ಬಿ. ಜೆ. ಪಾಮರ್ ಈ ಮಿಕ್ಸರ್‌ಗಳನ್ನ ಜೀವಮಾನವಿಡೀ ಬೈದನಂತೆ. ದೇಹ ತನ್ನನ್ನ ತಾನೇ ವಾಸಿ ಮಾಡ್ಕೊಳ್ಳೋದಾದ್ರೆ ಒಂದು ಗೋಡೆ ತುಂಬಾ ಡಬ್ಬಿ ಯಾಕೆ ಅನ್ನೋ ಪ್ರಶ್ನೆ ನನಗಿಂತ ನೂರು ವರ್ಷ ಮುಂಚೆ ಅವರ ಮನೆಯೊಳಗೇ ಎದ್ದಿತ್ತು ಅನ್ನಿ.

ನಾನಂತೂ ದಿನಾ ನುಂಗಿದೆ. ಮೊದಲ ವಾರ ಗೊತ್ತಾದ ಬದಲಾವಣೆ ಒಂದೇ, ಮೂತ್ರ ಹೈಲೈಟರ್ ಪೆನ್ನಿನ ಹಳದಿ ಬಣ್ಣಕ್ಕೆ ತಿರುಗಿತು. ಅದು ರೈಬೋಫ್ಲೇವಿನ್, ಅಂದ್ರೆ ಬಿ2. ನೀರಲ್ಲಿ ಕರಗೋ ಬಿ ಮತ್ತು ಸಿ ವಿಟಮಿನ್‌ಗಳು ಹೆಚ್ಚಾದ್ರೆ ಹೆಚ್ಚಿನಂಶ ಹೀಗೇ ಹೊರಗೆ ಹೋಗ್ತಾವೆ. ಎ, ಡಿ, ಇ, ಕೆ ಹಾಗಲ್ಲ. ಅವು ಕೊಬ್ಬಿನಲ್ಲಿ ಕರಗೋವು, ಒಳಗೇ ಕೂತು ಶೇಖರಣೆ ಆಗ್ತಾವೆ. ಈ ಒಂದು ವಾಕ್ಯವನ್ನ ನಾನು ಆವತ್ತೇ ಓದಿದ್ದೆ. ನೆನಪಿಟ್ಟುಕೊಳ್ಳಿ, ಯಾಕಂದ್ರೆ ನಾನು ಇಟ್ಟುಕೊಳ್ಳಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮತ್ತೆ ಬೆನ್ನುನೋವು. ಇಲ್ಲಿನ ಡಾಕ್ಟರ್ ರಕ್ತಪರೀಕ್ಷೆ ಬರೆದ್ರು. ಡಬ್ಬಿಗಳು ಖಾಲಿಯಾಗಿ ಒಂದು ವರ್ಷವೇ ಆಗಿತ್ತು. ವಿಟಮಿನ್ ಡಿ ಹನ್ನೊಂದು ಬಂತು. ಇಪ್ಪತ್ತಕ್ಕಿಂತ ಕಡಿಮೆ ಇದ್ರೆ ಕೊರತೆ ಅಂತ ಲೆಕ್ಕ. ಬೆಳಿಗ್ಗೆ ಕ್ಯಾಬು, ಹಗಲೆಲ್ಲ ಎ.ಸಿ., ರಾತ್ರಿ ಮತ್ತೆ ಕ್ಯಾಬು. ವರ್ಷವಿಡೀ ಬಿಸಿಲಿರೋ ದೇಶದಲ್ಲಿ ಬಿಸಿಲು ಕಾಣದೇ ಬದುಕೋ ಕಲೆ ನಮಗೆ ಚೆನ್ನಾಗಿ ಒಲಿದಿದೆ. ವಾರಕ್ಕೊಂದು 60,000 ಯೂನಿಟ್‌ನ ಮಾತ್ರೆ, ಎಂಟು ವಾರ ಅಂದ್ರು. ತಗೊಂಡೆ. ಮೈಕೈ ನೋವು ಕಮ್ಮಿ ಆಯ್ತು. ಕೊರತೆ ಇದ್ದವನಿಗೆ ಅದನ್ನೇ ಕೊಟ್ರೆ ಕೆಲಸ ಮಾಡುತ್ತೆ, ಅದರಲ್ಲಿ ಎರಡು ಮಾತಿಲ್ಲ. ಸಸ್ಯಾಹಾರಿಗಳಿಗೆ ಬಿ12, ರಕ್ತಹೀನತೆ ಇರೋ ಹೆಣ್ಣುಮಕ್ಕಳಿಗೆ ಕಬ್ಬಿಣದ ಮಾತ್ರೆ, ಬಸುರಿಯಾಗೋಕೆ ಮುಂಚಿನಿಂದಲೇ ಫೋಲಿಕ್ ಆಸಿಡ್, ಗಳಗಂಡ ತಪ್ಪಿಸಿದ ಅಯೋಡಿನ್ ಉಪ್ಪು, ಇವೆಲ್ಲ ಎಷ್ಟೋ ಜೀವ ಉಳಿಸಿದ ಸಂಗತಿಗಳು.

ನನ್ನ ತಪ್ಪು ಶುರುವಾಗಿದ್ದು ಅಲ್ಲಿಂದ. ನನಗೆ ಕೆಲಸ ಮಾಡಿತು ಅನ್ನೋ ಖುಷಿಯಲ್ಲಿ ಅದನ್ನ ಪ್ರೊಡಕ್ಷನ್‌ಗೆ ಬಿಟ್ಟೆ.

ಅಪ್ಪನಿಗೆ ಆಗ ಅರವತ್ತೇಳು. ಮಂಡಿನೋವು ಅಂತಿದ್ದ. ನಾನು ಊರಿಗೆ ಹೋಗೋವಾಗ ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೇ ಅದೇ 60,000ದ ಮಾತ್ರೆ ಹದಿಮೂರು ಸ್ಟ್ರಿಪ್ ತಗೊಂಡೆ. ಒಂದರಲ್ಲಿ ನಾಲ್ಕು, ಅಪ್ಪನಿಗೂ ಅವ್ವನಿಗೂ ಸೇರಿ ಆರು ತಿಂಗಳ ಲೆಕ್ಕ. ಜೊತೆಗೆ ದೊಡ್ಡ ಡಬ್ಬಿ ಕ್ಯಾಲ್ಸಿಯಂ. ಇಂಪೋರ್ಟೆಡ್. ಅಂಗಡಿಯವರು ಒಂದು ಮಾತೂ ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಬಸ್ ಹತ್ತೋ ಗಡಿಬಿಡಿಯಲ್ಲಿ "ಅಪ್ಪ, ವಾರಕ್ಕೊಂದು ಇದು, ದಿನಾ ಒಂದು ಅದು" ಅಂದೆ. ಹೂಂ ಅಂದ.

ಅಷ್ಟೇ. ಒಂದು ಚೀಟಿ ಬರೆದು ಅಂಟಿಸಲಿಲ್ಲ. ಕೋಡ್‌ಗೆ ಕಾಮೆಂಟ್ ಬರೆಯದ ಜೂನಿಯರ್‌ಗಳ ಮೇಲೆ ರೇಗೋ ನಾನು.

ಸುಮಾರು ಎರಡು ತಿಂಗಳಾದ ಮೇಲೆ ಅವ್ವ ಫೋನ್ ಮಾಡಿದಳು. "ಯಾಕೋ ಮಗ, ನಿಮ್ಮಪ್ಪ ಊಟನೇ ಸರಿಯಾಗಿ ಮಾಡ್ತಿಲ್ಲ ಕಣೋ. ಉಂಡಿದ್ದೆಲ್ಲ ವಾಂತಿ ಮಾಡ್ಕೊತದೆ." ಗ್ಯಾಸ್ಟ್ರಿಕ್ ಇರಬೇಕು ಅಂದೆ. ಊರಿನ ಕ್ಲಿನಿಕ್ಕಲ್ಲೂ ಅದೇ ಅಂದ್ರು, ಅದಕ್ಕೇ ಮಾತ್ರೆ ಕೊಟ್ರು. ಮುಂದಿನ ವಾರ ಮತ್ತೆ ಫೋನ್. ಮಲಬದ್ಧತೆಯಂತೆ, ಚೊಂಬುಗಟ್ಟಲೆ ನೀರು ಕುಡೀತಾನಂತೆ, ರಾತ್ರಿ ಐದಾರು ಸಲ ಎದ್ದು ಹೊರಗೆ ಹೋಗ್ತಾನಂತೆ. ಆಮೇಲೆ ಅವ್ವ ದನಿ ತಗ್ಗಿಸಿ ಹೇಳಿದಳು: "ಬೆಳಿಗ್ಗೆ ಎದ್ದು ಎತ್ತಿಗೆ ಹುಲ್ಲು ಹಾಕಿದ್ಯಾ ಅಂತ ಕೇಳ್ತು ಮಗ." ನಾವು ಎತ್ತು ಮಾರಿ ಒಂಬತ್ತು ವರ್ಷ ಆಗಿತ್ತು.

ಆವತ್ತು ರಾತ್ರಿಯೇ ಹೊರಟೆ. ಬೆಳಗಿನ ಜಾವ ಅಪ್ಪನನ್ನ ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಮೈಸೂರಿಗೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಪಾರ್ಶ್ವವಾಯು, ಕ್ಯಾನ್ಸರ್, ಏನೇನೋ. ಡಾಕ್ಟರಮ್ಮ ನನ್ನ ವಯಸ್ಸಿನವರೇ. ಎಲ್ಲ ಕೇಳಿಸಿಕೊಂಡು "ಏನೇನು ಮಾತ್ರೆ ತಗೋತಾರೆ?" ಅಂದ್ರು.

"ಮಾತ್ರೆ ಏನಿಲ್ಲ ಮೇಡಂ, ಬಿ.ಪಿ. ಇಲ್ಲ, ಶುಗರ್ ಇಲ್ಲ. ಬರೀ ವಿಟಮಿನ್."

ಹಾಗೇ ಅಂದೆ ನೋಡಿ. ಬರೀ ವಿಟಮಿನ್. ಅವ್ವ ತನ್ನ ಬ್ಯಾಗಿಂದ ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಸುರಿದಳು. ಖಾಲಿ ಸ್ಟ್ರಿಪ್‌ಗಳು. ಡಾಕ್ಟರ್ ಒಂದೊಂದೇ ಎಣಿಸಿದ್ರು. ಹನ್ನೆರಡು ಪೂರ್ತಿ ಖಾಲಿ, ಹದಿಮೂರನೆಯದರಲ್ಲಿ ಎರಡು ಮಿಕ್ಕಿತ್ತು. ಅವ್ವ ಅದನ್ನ ಒಂದೂ ಮುಟ್ಟಿರಲಿಲ್ಲ. ಅಪ್ಪ ಐವತ್ತು ದಿನ, ದಿನಕ್ಕೊಂದರಂತೆ, ಐವತ್ತು ಮಾತ್ರೆ ನುಂಗಿದ್ದ. ಮೇಲೆ ಕ್ಯಾಲ್ಸಿಯಂ.

ಲೆಕ್ಕ ನಾನೇ ಮಾಡಿದೆ, ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕೂತು. ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ಸಾಕು ಅನ್ನುತ್ತೆ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ. ಅಂದ್ರೆ 60,000 ಅನ್ನೋದು ನೂರು ದಿನದ ಪಾಲು. ಐವತ್ತು ದಿನದಲ್ಲಿ ಅಪ್ಪ ತಗೊಂಡಿದ್ದು ಐದು ಸಾವಿರ ದಿನದ ಪಾಲು. ಹದಿಮೂರು ವರ್ಷ ಚಿಲ್ಲರೆ.

ರಕ್ತದ ಕ್ಯಾಲ್ಸಿಯಂ ಹತ್ತೂವರೆ ದಾಟಬಾರದು, ಅಪ್ಪನದು 13.8 ಇತ್ತು. ವಿಟಮಿನ್ ಡಿ 150ಕ್ಕಿಂತ ಹೆಚ್ಚು, ಅದರ ಮೇಲೆ ಆ ಲ್ಯಾಬಿನ ಯಂತ್ರ ಅಳೆಯಲ್ಲ. ಕಿಡ್ನಿಗೂ ಪೆಟ್ಟು ಬಿದ್ದಿತ್ತು, ಕ್ರಿಯಾಟಿನಿನ್ ಎರಡು ದಾಟಿತ್ತು. ವಿಟಮಿನ್ ಡಿ ಮಾಡೋ ಕೆಲಸವೇ ಕರುಳಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳೋದು. ಅದು ಅತಿಯಾದ್ರೆ ಊಟದಿಂದ ಎಳೆದಿದ್ದು ಸಾಲದೇ ಮೂಳೆಯಿಂದಲೂ ಕ್ಯಾಲ್ಸಿಯಂ ರಕ್ತಕ್ಕೆ ಬರುತ್ತೆ. ಮೂಳೆ ಗಟ್ಟಿಯಾಗಲಿ ಅಂತ ನಾನು ಕೊಟ್ಟ ಮಾತ್ರೆ!

ಐದು ದಿನ ಸಲೈನ್, ಇಂಜೆಕ್ಷನ್. ಎರಡನೇ ದಿನ ಡಾಕ್ಟರ್ ನನ್ನ ಪಕ್ಕಕ್ಕೆ ಕರೆದು, ಬೈಯದೇ, ಸುಮ್ಮನೆ ಕೇಳಿದ್ರು: "ಶುರು ಮಾಡೋಕೆ ಮುಂಚೆ ಇವರ ಡಿ ಎಷ್ಟಿತ್ತು?"

ನನ್ನ ಹತ್ರ ಉತ್ತರ ಇರಲಿಲ್ಲ. ಮಾಡಿಸೇ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಗದ್ದೆಗೆ ಇಳಿದು, ಅರ್ಧ ತೋಳಿನ ಬನಿಯನ್‌ನಲ್ಲಿ ಮಧ್ಯಾಹ್ನದವರೆಗೂ ಬಿಸಿಲಲ್ಲಿ ನಿಲ್ಲೋ ಮನುಷ್ಯ. ದಿನಕ್ಕೆ ಎರಡು ಹೊತ್ತು ರಾಗಿಮುದ್ದೆ ಉಣ್ಣೋನು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ, ಅಷ್ಟೇ ಹಾಲಿನಲ್ಲಿ ಇರೋದರ ಮೂರರಷ್ಟು ಹತ್ತಿರ. ಕುರ್ಚಿ ಮೇಲೆ ಕೂತು ಬಿಳಿಚಿಕೊಂಡ ನನ್ನ ಕೊರತೆಯನ್ನ ನಾನು ಅವನಿಗೆ ಹಾಕಿ ನೋಡಿದ್ದೆ.

ಮೂರನೇ ದಿನ ಅಪ್ಪನಿಗೆ ತಲೆ ತಿಳಿಯಾಯ್ತು. ಯಾಕಪ್ಪ ದಿನಾ ತಗೊಂಡೆ, ವಾರಕ್ಕೊಂದು ಅಂದಿದ್ನಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಯಾವುದು ವಾರದ್ದು ಯಾವುದು ದಿನದ್ದು ಅಂತ ಮರ್ತೋಯ್ತು ಕಣ್ಲಾ. ಕೇಳವ ಅಂದ್ರೆ ನೀನು ಫೋನ್ ಎತ್ತುದ್ರೆ ಮೀಟಿಂಗು ಅಂತೀಯ. ಮಂಡಿನೋವೂ ವಾಸಿ ಆಗ್ನಿಲ್ಲ. ಮಗ ತಂದಿರದು, ದಂಡ ಯಾಕ್ ಮಾಡದು ಅಂತ ದಿನಾ ಎರ್ಡೂ ತಕಂಡೆ."

ಮಗ ತಂದಿರೋದು. ನಾನು ಎದ್ದು ಹೋಗಿ ಕಾರಿಡಾರ್‌ನ ಕೊನೆಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ.

ವಾಪಸ್ ಬಂದಾಗ ಅಪ್ಪ ಯೋಚನೆ ಮಾಡ್ತಾ ಇದ್ದ. "ಅಲ್ಲ ಕಣ್ಲಾ, ಜಿಂಕ್ ಹಾಕಕ್ ಮುಂಚೆ ನಾವು ವಿ.ಸಿ. ಫಾರಂಗೆ ಹೋಗಿ ಮಣ್ಣು ಪರೀಕ್ಷೆ ಮಾಡ್ಸಿದ್ದೋ, ನೆನಪೈತಾ?" ನೆನಪಿತ್ತು. ಹೈಸ್ಕೂಲಲ್ಲಿದ್ದೆ. ಗದ್ದೆಯ ಹತ್ತು ಕಡೆ ಗುಂಡಿ ತೆಗೆದು, ಮಣ್ಣು ಕಲೆಸಿ, ಬಟ್ಟೆ ಚೀಲದಲ್ಲಿ ತುಂಬಿಕೊಂಡು ಸೈಕಲ್‌ನಲ್ಲಿ ಹೋಗಿದ್ದೆವು. ಪಕ್ಕದ ಗದ್ದೆಯವರು ಯೂರಿಯಾ ಒಳ್ಳೇದು ಅಂತ ಮೂಟೆ ಮೇಲೆ ಮೂಟೆ ಸುರಿದು, ಪೈರು ಸೊಕ್ಕಿ ಬೆಳೆದು, ತೆನೆ ಬರೋ ಹೊತ್ತಿಗೆ ಎಲ್ಲ ಮಲಗಿಹೋದಾಗ "ಹಸಿರು ಕಂಡ್ರೆ ಸಾಲ್ದು ಮಗ" ಅಂದಿದ್ದೂ ಅಪ್ಪನೇ. ನಮ್ಮ ಮನೆಯಲ್ಲಿ ಮಣ್ಣಿಗೆ ಇದ್ದ ಮರ್ಯಾದೆಯನ್ನ ನಾನು ಅಪ್ಪನಿಗೆ ಕೊಟ್ಟಿರಲಿಲ್ಲ.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್ ಹೇಳಿದ್ದು ಕೇಳಿ. ವಿಟಮಿನ್ ಡಿ ಕೊಬ್ಬಿನಲ್ಲಿ ಸೇರಿಕೊಂಡಿರುತ್ತೆ, ಇಳಿಯೋಕೆ ತಿಂಗಳುಗಳು ಬೇಕು. ಅಲ್ಲಿಯವರೆಗೂ ಕ್ಯಾಲ್ಸಿಯಂ ಇರೋದು ಬೇಡ. ಹಾಲು ಬೇಡ, ಮೊಸರು ಬೇಡ. "ರಾಗಿಯೂ ಬೇಡ. ಬಿಸಿಲಿಗೂ ಜಾಸ್ತಿ ಹೋಗಬೇಡಿ."

ಅಪ್ಪ ನನ್ನ ಮುಖ ನೋಡಿದ. ಅರವತ್ತೇಳು ವರ್ಷ ಬಿಸಿಲು, ರಾಗಿ ಎರಡನ್ನೇ ನಂಬಿ ಬದುಕಿದವನಿಗೆ ಅವೆರಡೂ ಬಂದ್. ಒಂದು ಪೈಸೆ ಖರ್ಚಿಲ್ಲದೇ ಸಿಗ್ತಿದ್ದಿದ್ದನ್ನ ದುಡ್ಡು ಕೊಟ್ಟು ಕಿತ್ತುಕೊಂಡಿದ್ದೆ.

ಆ ಮೂರು ತಿಂಗಳು ಅಪ್ಪ ಜಗಲಿ ಮೇಲೆ ಕೂತು ಅನ್ನ ಉಂಡ. ಅವ್ವ ತಾನೂ ಮುದ್ದೆ ಬಿಟ್ಟಳು, ಆತನ ಮುಂದೆ ಹೆಂಗೆ ಉಣ್ಣೋದು ಅಂತ. ಹದಿನೈದು ದಿನಕ್ಕೊಂದು ಸಲ ನಾನು ಊರಿಗೆ ಹೋಗಿ ರಕ್ತಪರೀಕ್ಷೆಗೆ ಕರ್ಕೊಂಡು ಹೋಗ್ತಿದ್ದೆ. 11.9, 11.2, 10.6. ನನ್ನ ಯಾವ ಪ್ರಾಜೆಕ್ಟಿನ ಗ್ರಾಫನ್ನೂ ಅಷ್ಟು ಆಸೆಯಿಂದ ನೋಡಿಲ್ಲ.

ಕೈರೋಪ್ರಾಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಅವರು ತಮ್ಮ ನಂಬಿಕೆಯ ಗೋಡೆ ತೋರಿಸಿದ್ರು, ಕೊಂಡವನು ನಾನು. ಅವರು ಕೊಟ್ಟ ಡಬ್ಬಿಗಳಿಂದ ಯಾರಿಗೂ ಏನೂ ಆಗಲಿಲ್ಲ ಕೂಡ. ಅವರಿಂದ ನಾನು ತಂದಿದ್ದು ಒಂದು ವಾಕ್ಯ: ಇವು ಔಷಧಿ ಅಲ್ಲ. ಆ ವಾಕ್ಯ ತಲೆಯಲ್ಲಿ ಇದ್ದಿದ್ದಕ್ಕೇ ಚೀಟಿ ಕೇಳಲಿಲ್ಲ, ಪರೀಕ್ಷೆ ಮಾಡಿಸಲಿಲ್ಲ, ಡೋಸ್ ಬರೆದಿಡಲಿಲ್ಲ. ಫಿನ್ಲೆಂಡ್‌ನಲ್ಲಿ ಸಿಗರೇಟ್ ಸೇದೋ 29,000 ಗಂಡಸರನ್ನ ವರ್ಷಗಟ್ಟಲೆ ಗಮನಿಸಿ, 1994ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕ್ಯಾರೆಟ್‌ನಲ್ಲಿರೋ ಬೀಟಾ ಕ್ಯಾರೋಟಿನ್ ಮಾತ್ರೆ ಕೊಟ್ರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗುತ್ತೆ ಅಂತ ನಂಬಿ ಕೊಟ್ರು. ಮಾತ್ರೆ ನುಂಗಿದವರಲ್ಲಿ ಕ್ಯಾನ್ಸರ್ 18 ಪರ್ಸೆಂಟ್ ಹೆಚ್ಚಾಗಿತ್ತು. ತರಕಾರಿಯಲ್ಲಿ ಇರೋದು ಅನ್ನೋ ಕಾರಣಕ್ಕೆ ಮಾತ್ರೆ ತರಕಾರಿ ಆಗಲ್ಲ.

ಈಗ ಅಪ್ಪ ಚೆನ್ನಾಗಿದಾನೆ. ಕಿಡ್ನಿ ಬಹುತೇಕ ಸರಿಹೋಗಿದೆ, ವರ್ಷಕ್ಕೆ ಎರಡು ಸಲ ನೋಡಿಸ್ತೀವಿ. ಮಂಡಿನೋವು ಸವೆತದ್ದು ಅಂತ ಗೊತ್ತಾಯ್ತು, ಫಿಸಿಯೋಥೆರಪಿಯವರು ಹೇಳಿಕೊಟ್ಟ ನಾಲ್ಕು ವ್ಯಾಯಾಮವನ್ನ ಜಗಲಿ ಮೇಲೆ ನಾಚಿಕೊಂಡೇ ಮಾಡ್ತಾನೆ. ನನ್ನ ಸೊಂಟಕ್ಕೂ ಅದೇ ಮದ್ದು. ಮೀಟಿಂಗಲ್ಲಿದ್ರೂ ಊರಿನ ಫೋನ್ ಬಂದ್ರೆ ಎತ್ತುತ್ತೀನಿ. ಟೀಮಿನವರಿಗೆ ಅಭ್ಯಾಸ ಆಗಿದೆ.

ಮುದ್ದೆಗೆ ಒಪ್ಪಿಗೆ ಸಿಕ್ಕಿದ ದಿನ ನಾನೂ ಊರಲ್ಲಿದ್ದೆ. ಅವ್ವ ಉಪ್ಸಾರು ಮಾಡಿದ್ದಳು. ಅಪ್ಪ ಮೊದಲ ತುತ್ತು ಮುರಿದು, ಸಾರಿಗೆ ಅದ್ದಿ, ಬಾಯಿಗೆ ಇಡೋಕೆ ಮುಂಚೆ ನನ್ನ ಕಡೆ ತಿರುಗಿ ಕೇಳಿದ: "ಇದು ದಿನಕ್ಕೋ, ವಾರಕ್ಕೋ?"